ಭೀಮೇಶ ಗೆಸ್ಟನ್ನು ಸಾಗಿಸಿದ ದಿನ

ಬೆಟಗೇರಿಯ ಭೀಮೇಶನ ಮನೆಯಲ್ಲಿ ಫೋನಿನ ಸಿಗ್ನಲ್ ಸರಿಯಾಗಿ ಸಿಗುವುದು ಒಂದೇ ಜಾಗದಲ್ಲಿ. ಅದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು. ಅದರ ಮೇಲೆ ಹತ್ತಿ ನಿಂತರೆ ಮಾತು ಸಲೀಸಾಗಿ ಹರಿಯುತ್ತದೆ. ಕೆಳಗಿಳಿದರೆ ಬೇಸಿಗೆಯ ನಲ್ಲಿಯಂತೆ ಬರೀ ಗಾಳಿ. ಕಲ್ಲಿಗೆ ಹೊಂದಿಕೊಂಡೇ ಪಕ್ಕದ ಮನೆಯ ವಿರೂಪಾಕ್ಷಪ್ಪನವರ ಗೋಡೆ ಇತ್ತು. ಆ ಗುರುವಾರ ಮುಂಜಾನೆ ಭೀಮೇಶ ಕಲ್ಲು ಹತ್ತಿ ಸ್ವಲ್ಪ ಜೋರಾಗಿ ಮಾತಾಡಿದ್ದೇ ಮುಂದಿನ ಎಲ್ಲ ಫಜೀತಿಗೆ ಮೂಲವಾಯಿತು.

ಭೀಮೇಶ ಹುಬ್ಬಳ್ಳಿಯ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಏನು ಕೆಲಸ ಎಂದು ಯಾರಾದರೂ ಕೇಳಿದರೆ "ಕಂಪ್ಯೂಟರಿಂದು" ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ವಿವರಿಸಿದರೆ ಕೇಳಿದವರಿಗೆ ಆಕಳಿಕೆ ಬರುತ್ತಿತ್ತು. ಒಂದು ನಿಜವಾದ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಇದೆ ಎಂಬಂತೆ ನಡೆಸಿಕೊಂಡು ಹೋಗುವ ಪ್ರೋಗ್ರಾಂ ಇರುತ್ತದೆ. ಆ ಕೆಲಸದವರು ಹೊರಗಿನ ನಿಜವಾದ ಯಂತ್ರಕ್ಕೆ ಹೋಸ್ಟ್ ಎನ್ನುತ್ತಾರೆ, ಒಳಗಿನ ಸುಳ್ಳು ಯಂತ್ರಕ್ಕೆ ಗೆಸ್ಟ್ ಎನ್ನುತ್ತಾರೆ. ಡಿಸ್ಕು, ನೆಟ್‌ವರ್ಕು, ಗಡಿಯಾರ ಇವೆಲ್ಲ ಆಗಾಗ "ಇತ್ತ ನೋಡು" ಎಂದು ಪ್ರೊಸೆಸರನ್ನು ಕರೆಯುತ್ತವೆ. ಆ ಕರೆಯೇ ಇಂಟರಪ್ಟ್. ಯಾರು ಕರೆದರು, ಯಾರಿಗೆ ಓಗೊಟ್ಟಾಯಿತು, ಯಾರು ಇನ್ನೂ ಕಾಯುತ್ತಿದ್ದಾರೆ ಎಂಬುದನ್ನೆಲ್ಲ ಇಂಟರಪ್ಟ್ ಕಂಟ್ರೋಲರ್ ಎಂಬುದು ರಿಜಿಸ್ಟರ್ ಎಂಬ ಪುಟ್ಟ ಗೂಡುಗಳಲ್ಲಿ ಇಟ್ಟುಕೊಂಡಿರುತ್ತದೆ. ಗೆಸ್ಟನ್ನು ಒಂದು ಹೋಸ್ಟಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಹೊರಗಿನ ಪ್ರೋಗ್ರಾಂ ಆ ಗೂಡುಗಳಿಗೆ ಕೈ ಹಾಕಿ, ಇದ್ದದ್ದನ್ನೆಲ್ಲ ಓದಿಕೊಂಡು, ಹೊಸ ಜಾಗದಲ್ಲಿ ಹಾಗೆಯೇ ತುಂಬಬೇಕು. ಈ ಕೈ ಹಾಕುವ ಪ್ರೋಗ್ರಾಮನ್ನು ಬರೆದವನು ಭೀಮೇಶ. ಒಂದು ಕರೆ ದಾರಿಯಲ್ಲಿ ಕಳೆದುಹೋದರೂ ಗೆಸ್ಟು ಅದನ್ನೇ ಕಾಯುತ್ತ ಹೊಸ ಜಾಗದಲ್ಲಿ ಕಲ್ಲಾಗಿ ಕೂತುಬಿಡುತ್ತದೆ.

ವಾರದಿಂದ ಅದು ಹಾಗೆ ಕೂರುತ್ತಲೇ ಇತ್ತು. ಅವತ್ತು ನಾಲ್ಕು ಗಂಟೆಗೆ ಗಿರಾಕಿಗಳ ಎದುರು ಸಾಗಿಸಿ ತೋರಿಸಬೇಕಿತ್ತು. ಆಗಲೂ ಕೂತರೆ ಭೀಮೇಶ ಮನೆಯ ಕೆಲಸ ಬಿಟ್ಟು ದಿನಾ ಬಸ್ಸು ಹತ್ತಿ ಹುಬ್ಬಳ್ಳಿ ಆಫೀಸಿಗೆ ಬರಬೇಕು ಎಂದು ಮೇಲಿನ ಅಧಿಕಾರಿ ಅಂಕಿತಾ ಹೇಳಿಬಿಟ್ಟಿದ್ದಳು.

ಮನೆಯಲ್ಲಿ ಇನ್ನೊಬ್ಬರೂ ಕೂತಿದ್ದರು. ಹೆಂಡತಿ ವನಿತಾಳ ತಂದೆ, ಮುಂಡರಗಿಯ ಯಮನೂರಪ್ಪ. ಹಲ್ಲಿನ ಸೆಟ್ ಮಾಡಿಸಲು ಬಂದವರು. ಡಾಕ್ಟರು ಇವತ್ತು ಅಳತೆ, ನಾಡಿದ್ದು ಮತ್ತೆ ಅಳತೆ ಎಂದು ಎಳೆದಿದ್ದರಿಂದ ಅಳಿಯನ ಪಡಸಾಲೆಯಲ್ಲೇ ಉಳಿದಿದ್ದರು. ಹೊತ್ತು ಹೋಗದೆ "ಅಳಿಯಂದ್ರ, ಈ ಫ್ಯಾನ್ ಯಾಕ ಹಿಂಗ ಸಪ್ಪಳ ಮಾಡ್ತೈತಿ?" "ಅಳಿಯಂದ್ರ, ಜರಾ ಬರ್ರಿ, ಟಿವಿಯಾಗ ಕುಸ್ತಿ ಹತ್ತೇತಿ" ಎಂದು ಕರೆಯುತ್ತಿದ್ದರು. ಭೀಮೇಶ ಮರ್ಯಾದೆಗೆ ಎದ್ದು ಹೋಗುತ್ತಿದ್ದ. ವಾಪಸು ಬರುವಷ್ಟರಲ್ಲಿ ತಲೆಯಲ್ಲಿದ್ದ ವಿಚಾರ, ಬಾಗಿಲು ತೆರೆದಿಟ್ಟ ಮನೆಯ ಬೆಕ್ಕಿನಂತೆ ಎಲ್ಲಿಗೋ ಹೋಗಿರುತ್ತಿತ್ತು.

ಆ ಮುಂಜಾನೆ ಮಾತ್ರ ಪಡಸಾಲೆ ಶಾಂತವಾಗಿತ್ತು. ಮಾವ ಮಲಗಿರಬೇಕು ಎಂದುಕೊಂಡು ಭೀಮೇಶ ಜಳಕ ಮುಗಿಸಿ, ಪರೀಕ್ಷೆಯೊಂದನ್ನು ಓಡಲು ಬಿಟ್ಟು, ಕಲ್ಲು ಹತ್ತಿ ಅಂಕಿತಾಳಿಗೆ ಫೋನ್ ಹಚ್ಚಿದ.

"ಮೇಡಂ, ಗೆಸ್ಟಿಂದ ಭಾಳ ತ್ರಾಸ ಆಗೇತ್ರಿ. ಬಂದು ಕುಂತಲ್ಲೇ ಕುಂತ ಬಿಡತೈತಿ. ಏನ ಮಾಡಿದ್ರೂ ಏಳವಲ್ಲದು. ಮೆಮರಿ ಅಂತೂ ಎಲ್ಲಾ ತಿಂದ ಹಾಕೇತಿ. ಇಲ್ರಿ, ಹೋಸ್ಟಿಂದ ಏನೂ ತಪ್ಪಿಲ್ಲ. ಇವತ್ತ ನಾಕರೊಳಗ ಅದನ್ನ ಇಲ್ಲಿಂದ ಎತ್ತಿ ಬ್ಯಾರೆ ಕಡೆ ಹಾಕೇ ಹಾಕತೇನಿ. ಅದಕ್ಕ ಗೊತ್ತೂ ಆಗಬಾರದು, ಹಂಗ ಸಾಗಸತೇನ್ರಿ. ಏಳಲಿಲ್ಲಂದ್ರ? ಕಿಲ್ ಮಾಡೋದ್ರಿ, ಮತ್ತೇನ ಮಾಡೋದು!"

ಗೋಡೆಯಾಚೆ ವಿರೂಪಾಕ್ಷಪ್ಪ ಹಲ್ಲುಜ್ಜುತ್ತಿದ್ದವರು ಕೈ ನಿಲ್ಲಿಸಿದರು. ಹತ್ತಿ ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿದ ಮೇಲೆ ಅವರಿಗೆ ಉಳಿದ ವ್ಯಾಪಾರವೆಂದರೆ ಓಣಿಯ ಖಬರು. ಬಾಯಿ ಮುಕ್ಕಳಿಸಿ ನೇರವಾಗಿ ಒಳಗೆ ಹೋಗಿ ಹೆಂಡತಿ ನೀಲಗಂಗವ್ವನಿಗೆ ಹೇಳಿದರು.

"ಗೆಸ್ಟ್ ಅಂದ್ರ ಬೀಗರು, ಮನಿಗೆ ಬಂದವರು. ಭೀಮೇಶ ಮಾವನ್ನ ಹೊರಗ ಹಾಕಾಂವ ಅದಾನ. ಹಿರೇ ಮನಷ್ಯಾಗ 'ಅದು, ಇದು' ಅಂತಾನಲೇ!"

ನೀಲಗಂಗವ್ವ ಕಾಯಿಪಲ್ಲೆ ತೆಗೆದುಕೊಂಡು ಬರುತ್ತಿದ್ದ ವನಿತಾಳನ್ನು ಬಾಗಿಲಲ್ಲೇ ಹಿಡಿದಳು.

"ವನಿತಾ, ನಾ ಹೇಳೇನಂತ ಹೇಳಬ್ಯಾಡ. ನಿನ್ನ ಗಂಡ ನಿಮ್ಮಪ್ಪನ್ನ ಎತ್ತಿ ಒಗಿತಾನಂತ. ಯಾವಾಕಿನೋ ಮೇಡಂ ಮುಂದ ಹೇಳಾಕ ಹತ್ತಿದ್ದ. ಮೆಮರಿ ಅಂದ್ರ ಏನ ತಿನಿಸೋ ಏನೋ, ಎಲ್ಲಾ ತಿಂದ ಹಾಕ್ಯಾರಂತ."

"ನಮ್ಮಪ್ಪಗ ಹಲ್ಲ ಇಲ್ಲ, ಏನ ತಿಂದಾನ್ರಿ!" ಎಂದು ವನಿತಾ ಚೀಲ ಅಲ್ಲೇ ಬಿಟ್ಟು ಒಳಗೆ ಓಡಿದಳು.

ಪಡಸಾಲೆ ಖಾಲಿ ಇತ್ತು. ಹಾಸಿಗೆ ಮಡಚಿಟ್ಟಿತ್ತು. ತಂದೆಯ ಹೊಸ ಧೋತರವಿಲ್ಲ, ಕೈಚೀಲವಿಲ್ಲ. ಫೋನ್ ಹಚ್ಚಿದರೆ ಸ್ವಿಚ್ ಆಫ್.

ಭೀಮೇಶ ಕಲ್ಲಿನಿಂದ ಇಳಿದು ಬರುವಾಗ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನಮ್ಮಪ್ಪಗ ಏನಂದ್ರಿ?"

"ನಾ ಏನೂ ಅಂದಿಲ್ಲ."

"ಗೆಸ್ಟನ್ನ ಎತ್ತಿ ಒಗಿತೇನಿ ಅಂದಿಲ್ಲ?"

"ಅದು ಕಂಪ್ಯೂಟರ್‌ಗೆ!"

"ಕಂಪ್ಯೂಟರ್‌ಗೆ ಯಾರರ ಗೆಸ್ಟ್ ಅಂತಾರೇನ್ರಿ?"

"ಅಂತಾರ."

"ಹಂಗಾರ ಹೋಸ್ಟ್ ಯಾರು?"

"ಅದೂ ಕಂಪ್ಯೂಟರ್."

ವನಿತಾ ಸೆರಗು ಕಣ್ಣಿಗೊತ್ತಿಕೊಂಡಳು. "ಅಪ್ಪ ಎಲ್ಲಾ ಕೇಳಿಸಿಕೊಂಡು ಮನಿ ಬಿಟ್ಟ ಹೋಗ್ಯಾನ. ಅವನ್ನ ಕರಕೊಂಡ ಬರೋದಿದ್ರ ಬರ್ರಿ. ಇಲ್ಲಂದ್ರ ನಾನೂ ಮುಂಡರಗಿ ಬಸ್ ಹತ್ತತೇನಿ."

ಅಷ್ಟರಲ್ಲಿ ವಿರೂಪಾಕ್ಷಪ್ಪ ಟೋಪಿ ಹಾಕಿಕೊಂಡು ತಯಾರಾಗಿ ಬಂದಿದ್ದರು. "ನಡೀರಿ ಭೀಮೇಶ, ನಾನೂ ಬರತೇನಿ. ಸ್ವಂತ ಕಿವಿಲೆ ಕೇಳಿದಾಂವ ನಾ. ನಾಳೆ ಯಾರೂ ಸುಳ್ಳ ಹೇಳಬಾರದು."

ಬೇಡವೆಂದರೂ ಅವರು ಕೇಳುವವರಲ್ಲ. ಓಡುತ್ತಿದ್ದ ಪರೀಕ್ಷೆಯನ್ನು ನಿಲ್ಲಿಸುವಂತೆಯೂ ಇರಲಿಲ್ಲ. ಲ್ಯಾಪ್‌ಟಾಪನ್ನು ಫೋನಿನ ನೆಟ್ಟಿಗೆ ಜೋಡಿಸಿ, ಮುಚ್ಚದೆ ತೆರೆದಿಟ್ಟೇ, ಬೈಕಿನ ಹಿಂದೆ ಕೂತ ವಿರೂಪಾಕ್ಷಪ್ಪನವರ ತೊಡೆಯ ಮೇಲೆ ಇಟ್ಟ. "ಇದನ್ನ ಮುಚ್ಚಬ್ಯಾಡ್ರಿ. ಮುಚ್ಚಿದ್ರ ಮಲಗತೈತಿ." ಅವರು ಅದನ್ನು ಹಸುಗೂಸಿನಂತೆ ಎರಡೂ ಕೈಯಿಂದ ಅವಚಿ ಹಿಡಿದರು.

ಗದಗಿನ ಬಸ್ ನಿಲ್ದಾಣದ ಬಾಗಿಲಲ್ಲಿ ಹೂ ಮಾರುವ ಮಾಸುಮಬಿ ಇದ್ದಳು. ಹೊಸ ಧೋತರದ ಮುದುಕರನ್ನು ನೋಡಿದೆಯಾ ಎಂದು ಭೀಮೇಶ ಕೇಳಿದ.

"ನೋಡೇನ್ರಿ. ಒಂದ ಮಳ ಮಲ್ಲಿಗಿ ತಗೊಂಡ್ರು. ಒಂದ ಮಾತ ಆಡಲಿಲ್ಲ. ಮಾರಿ ಬಿಗಕೊಂಡ ಶಿರಹಟ್ಟಿ ಬಸ್ ಹತ್ತಿದ್ರು."

ಮಾತಿಲ್ಲದೆ ಒಂದು ನಿಮಿಷ ಇರದ ಮಾವ ಬಾಯಿ ಬಿಗಿದುಕೊಂಡಿದ್ದಾರೆಂದರೆ ನೋವು ಎಷ್ಟಾಗಿರಬೇಡ? "ಹೂ ಯಾಕ್ರಿ?" ಎಂದು ವಿರೂಪಾಕ್ಷಪ್ಪನವರನ್ನೇ ಕೇಳಿದ.

"ಶಿರಹಟ್ಟಿಯಾಗ ಮಠ ಐತಲ್ರಿ. ಮನಸ್ಸು ನೊಂದವರು ಮಠಕ್ಕ ಹೋಗತಾರ. ಅಲ್ಲೇ ಉಳದ ಬಿಟ್ಟರ ಏನ ಮಾಡೋದು?"

ಕಾವಿ ಉಟ್ಟ ಮಾವನ ಚಿತ್ರ ಕಣ್ಣಮುಂದೆ ಬಂದು ಭೀಮೇಶ ಬೈಕನ್ನು ಜೋರಾಗಿ ಓಡಿಸಿದ. ಎಡಬಲಕ್ಕೆ ಎರೆಹೊಲಗಳು, ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು. ವಿರೂಪಾಕ್ಷಪ್ಪನವರ ಟೋಪಿ ಒಂದು ಸಲ ಹಾರಿತು. ಅದನ್ನು ತರಲು ಭೀಮೇಶನೇ ಇಳಿದು ಓಡಬೇಕಾಯಿತು, ಯಾಕೆಂದರೆ ಅವರು ಕೂಸನ್ನು ಬಿಡುವಂತಿರಲಿಲ್ಲ.

ಸೊರಟೂರು ದಾಟಿದ ಮೇಲೆ ಹಿಂದಿನಿಂದ ದನಿ ಬಂತು. "ಭೀಮೇಶ, ಇದರಾಗ ಏನೋ ಕೆಂಪ ಅಕ್ಷರ ಬರಾಕ ಹತ್ಯಾವು."

"ಏನಂತ ಬಂದೈತಿ ಓದ್ರಿ!"

"ಇ... ಬಿ... ಯು... ಎಸ್... ವೈ. ಈ ಬಿಜಿ! ಒಂದರ ಕೆಳಗೊಂದು ಬರೇ ಈ ಬಿಜಿ, ಈ ಬಿಜಿ. ಯಾರ್ರಿ ಅಷ್ಟು ಬಿಜಿ ಇದ್ದವರು?"

ಭೀಮೇಶ ಬ್ರೇಕು ಒತ್ತಿದ. ವಿರೂಪಾಕ್ಷಪ್ಪನವರ ಗದ್ದ ಅವನ ಬೆನ್ನಿಗೆ ಬಡಿಯಿತು.

ಗೂಡುಗಳನ್ನು ಓದಬೇಕಾದರೆ ಗೆಸ್ಟಿನ ಎಲ್ಲ ಪ್ರೊಸೆಸರುಗಳೂ ನಿಂತಿರಬೇಕು. ಒಂದಾದರೂ ಓಡುತ್ತಿದ್ದರೆ, ಬಿಜಿ ಇದೆ, ಆಮೇಲೆ ಬಾ ಎಂಬ ಉತ್ತರ ಬರುತ್ತದೆ. ಅವನ ಪ್ರೋಗ್ರಾಂ ಇಷ್ಟು ದಿನ ಆ ಉತ್ತರವನ್ನು ಯಾರಿಗೂ ಹೇಳದೆ ನುಂಗಿಕೊಂಡು, ಓದಿದಷ್ಟನ್ನೇ ತೆಗೆದುಕೊಂಡು ಮುಂದೆ ಹೋಗುತ್ತಿತ್ತು. ತಪ್ಪುಗಳನ್ನೆಲ್ಲ ತೆರೆಯ ಮೇಲೆ ತೋರಿಸು ಎಂದು ಅವತ್ತು ಮುಂಜಾನೆಯಷ್ಟೇ ಅದಕ್ಕೆ ಹೇಳಿದ್ದ. ನೋಡಲು ಪುರುಸೊತ್ತು ಸಿಕ್ಕಿರಲಿಲ್ಲ.

ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತು ತಾನು ಬರೆದದ್ದನ್ನು ತೆರೆದು ನೋಡಿದ. ಪ್ರೊಸೆಸರುಗಳನ್ನು ನಿಲ್ಲಿಸುವಾಗ ಒಂದರಿಂದ ಎಣಿಸಲು ಶುರು ಮಾಡಿದ್ದ. ಕಂಪ್ಯೂಟರು ಸೊನ್ನೆಯಿಂದ ಎಣಿಸುತ್ತದೆ. ಇದು ಮೊದಲ ವರ್ಷದ ಹುಡುಗರು ಮಾಡುವ ತಪ್ಪು. ಸೊನ್ನೆ ನಂಬರಿನ ಪ್ರೊಸೆಸರು, ಮನೆಯವರೆಲ್ಲ ಮದುವೆಗೆ ಹೋದರೂ ಗೊತ್ತಾಗದ ಕಿವುಡಜ್ಜನಂತೆ, ಒಂದೇ ಸಮನೆ ದುಡಿಯುತ್ತಲೇ ಇತ್ತು. ಒಂದು ಅಂಕಿ ಬದಲಿಸಿದ. ಕೆಂಪು ಅಕ್ಷರಗಳು ಮಾಯವಾದವು.

"ಸಿಕ್ತರಿ!" ಎಂದು ಭೀಮೇಶ ಕೂಗಿದ.

"ಎಲ್ಲಿ? ಎಲ್ಲಿ ಬೀಗರು?" ಎಂದು ವಿರೂಪಾಕ್ಷಪ್ಪ ಸುತ್ತಲೂ ನೋಡಿದರು. ಭೀಮೇಶನ ಸಂತೋಷ ಅಲ್ಲಿಗೇ ನಿಂತಿತು.

ಶಿರಹಟ್ಟಿಯ ಮಠವನ್ನೆಲ್ಲ ಹುಡುಕುವಷ್ಟರಲ್ಲಿ ಮಧ್ಯಾಹ್ನ ದಾಟಿತು, ಮಾವ ಅಲ್ಲಿರಲಿಲ್ಲ. ಬಸ್ ನಿಲ್ದಾಣದ ಎದುರು ಟಂಟಂ ಆಟೋ ಓಡಿಸುವ ನಂದೀಶ ಸಿಕ್ಕ. "ಹೊಸ ಧೋತರದ ಅಜ್ಜಾರೇನ್ರಿ? ನಾನ ಈಗ ಬಿಟ್ಟ ಬಂದೇನಲ್ರಿ, ಲಕ್ಷ್ಮೇಶ್ವರಕ್ಕ. ಕರೆವ್ವಾರ ಮನಿ ಬಾಗಲಕ್ಕ. ಬಜಾರದ ಹಿಂದಿನ ಓಣಿ, ನೀಲಿ ಬಾಗಲ."

ಕರೆವ್ವ ಯಾರೆಂದು ಭೀಮೇಶನಿಗೆ ಗೊತ್ತಿರಲಿಲ್ಲ. ವಿರೂಪಾಕ್ಷಪ್ಪನವರಿಗೂ ಗೊತ್ತಿರಲಿಲ್ಲ, ಆದರೂ ಅವರು ಹೇಳಿದರು: "ಹಿರೇ ಮನಷ್ಯಾಳ ಇರಬೇಕು. ನಿಮ್ಮ ಮಾವಾರು ಪಂಚಾಯ್ತಿ ಕೂಡಸಾಕ ಹೋಗ್ಯಾರ. ಅಲ್ಲಿ ಹೋಗಿ ವಾದ ಮಾಡಬ್ಯಾಡ್ರಿ. ಸೀದಾ ಕಾಲ ಹಿಡಕೊಳ್ರಿ."

ನೀಲಿ ಬಾಗಿಲಿನ ಮುಂದೆ ಚಪ್ಪಲಿಗಳ ರಾಶಿ ಇತ್ತು. ಒಳಗೆ ಜಮಖಾನೆಯ ಮೇಲೆ ಹಿರಿಯರೆಲ್ಲ ಗೋಡೆಗುಂಟ ಸಾಲಾಗಿ ಕೂತಿದ್ದರು. ನಡುವೆ ಗಾದಿಯ ಮೇಲೆ ಒಬ್ಬ ಮುದುಕಿ, ಹಣೆಯ ತುಂಬ ಕುಂಕುಮ. ಆಕೆಯ ಎದುರಿಗೆ ಯಮನೂರಪ್ಪ ಬಾಯಿ ಬಿಗಿದು, ಕಣ್ಣು ಕೆಳಗೆ ಹಾಕಿ ಕೂತಿದ್ದರು. ಪಂಚಾಯ್ತಿಯೇ ಸರಿ ಎಂದು ಭೀಮೇಶನಿಗೆ ಖಾತ್ರಿಯಾಯಿತು. ಹೊಸ್ತಿಲು ದಾಟಿದವನೇ ಮಾವನ ಕಾಲಿನ ಮೇಲೆ ಬಿದ್ದ.

"ಮಾವಾರ, ತಪ್ಪಾತ್ರಿ! ಎತ್ತಿ ಹೊರಗ ಹಾಕತೇನಿ ಅಂದಿದ್ದು ನಿಮಗಲ್ರಿ! ಕಿಲ್ ಮಾಡತೇನಿ ಅಂದಿದ್ದೂ ನಿಮಗಲ್ರಿ! ಮನಿಗೆ ನಡೀರಿ. ತಿಂಗಳಾನಗಟ್ಲೆ ಇರ್ರಿ, ವರ್ಷಗಟ್ಲೆ ಇರ್ರಿ, ನಾ ಒಂದ ಮಾತ ಅನ್ನಂಗಿಲ್ಲ!"

ಒಬ್ಬರ ಕೈಯಲ್ಲಿದ್ದ ಅವಲಕ್ಕಿಯ ಚಮಚ ಬಾಯಿಗೂ ಹೋಗದೆ ತಟ್ಟೆಗೂ ಬರದೆ ನಿಂತಿತು.

"ಯಾರಪಾ ಇವಾ?" ಎಂದಳು ಮುದುಕಿ. ಆಕೆಯೇ ಕರೆವ್ವ.

ಯಮನೂರಪ್ಪ ಬಾಯಿ ತೆರೆದರು. ಒಳಗೆ ಹೊಚ್ಚಹೊಸ ಹಲ್ಲುಗಳು ಫಳ್ ಎಂದವು. ಅವು ಇನ್ನೂ ಒಸಡಿಗೆ ಹೊಂದಿಕೊಂಡಿರಲಿಲ್ಲ. ಮಾತಿನ ಜೊತೆ ಒಂದು ಸಣ್ಣ ಸೀಟಿಯೂ ಹೊರಬಂತು. "ನಮ್ಮ ಅಳಿಯಾರ್ರಿ. ನನ್ನ ದೇವರಂಗ ನೋಡಕೋತಾರ ಅಂತ ಈಗ ಹೇಳಿದ್ನಲ್ಲ, ಅವರ."

ವಿಷಯ ಇಷ್ಟೇ ಆಗಿತ್ತು. ಯಮನೂರಪ್ಪ ಕಿರಿಯ ಮಗ ಸುದೀಪನಿಗೆ ಕರೆವ್ವನ ಮೊಮ್ಮಗಳನ್ನು ಕೇಳಲು ಬಂದಿದ್ದರು. ಹಿಂದೆ ಎರಡು ಸಂಬಂಧಗಳು ಮನೆಯ ಹೆಂಗಸರ ಬಾಯಿಂದ ಓಣಿಗೆ, ಓಣಿಯಿಂದ ಊರಿಗೆ ಹೋಗಿ ಮುರಿದಿದ್ದವು. ಅದಕ್ಕೇ ಈ ಸಲ ಮಗಳಿಗೂ ಹೇಳದೆ, ಅವಳು ಕಾಯಿಪಲ್ಲೆಗೆ ಹೋದಾಗ, ಅಳಿಯ ಜಳಕಕ್ಕೆ ಹೋದಾಗ ಸದ್ದಿಲ್ಲದೆ ಹೊರಬಿದ್ದಿದ್ದರು. ದವಾಖಾನೆಯಲ್ಲಿ ಹಲ್ಲು ಹಾಕಿಸಿಕೊಂಡು, ಹುಡುಗಿಗೆಂದು ಹೂ ಕೊಂಡು, ಯಾರೂ ಕರೆಯಬಾರದೆಂದು ಫೋನು ಬಂದ್ ಮಾಡಿ ಬಸ್ಸು ಹತ್ತಿದ್ದರು. ಭೀಮೇಶ ಕಲ್ಲಿನ ಮೇಲೆ ನಿಂತು ಮಾತಾಡಿದ್ದರಲ್ಲಿ ಒಂದಕ್ಷರವೂ ಅವರ ಕಿವಿಗೆ ಬಿದ್ದಿರಲಿಲ್ಲ.

"ಹೊರಗ ಹಾಕತೇನಿ ಅಂತ ಯಾವಾಗ ಅಂದಿ?" ಎಂದರು ಯಮನೂರಪ್ಪ. ಬಹುವಚನ ಹೋಗಿತ್ತು.

"ನೀವು... ಕೇಳಿಲ್ಲೇನ್ರಿ?"

"ಕೇಳಿಲ್ಲ. ಈಗ ಹೇಳು, ಕೇಳತೇನಿ."

ಭೀಮೇಶ ಎದ್ದು ಕೂತ. ಆ ಹೊತ್ತಿನಲ್ಲಿ ವಿರೂಪಾಕ್ಷಪ್ಪ ಮುಂದೆ ಬಂದು, ಲ್ಯಾಪ್‌ಟಾಪನ್ನು ಜೋಪಾನವಾಗಿ ಜಮಖಾನೆಯ ಮೇಲಿಟ್ಟು, ಟೋಪಿ ಸರಿ ಮಾಡಿಕೊಂಡರು. "ನಾ ಹೇಳತೇನ್ರಿ. ನಾ ಸ್ವಂತ ಕಿವಿಲೆ ಕೇಳಿದಾಂವ." ಹೇಳಿದರು ಕೂಡ. ಗೆಸ್ಟಿನಿಂದ ತ್ರಾಸಾದದ್ದು, ಕೂತಲ್ಲಿಂದ ಏಳದ್ದು, ಮೆಮರಿ ತಿಂದದ್ದು, ಗೊತ್ತಾಗದ ಹಾಗೆ ಸಾಗಿಸುವುದು, ಕಡೆಗೆ ಕಿಲ್ ಮಾಡುವುದು, ಒಂದನ್ನೂ ಬಿಡಲಿಲ್ಲ. ಇಂಗ್ಲಿಷ್ ಬಾರದವರಿಗಾಗಿ ಕಿಲ್ ಎಂದರೇನು ಎಂಬುದನ್ನೂ ಕೈಯಿಂದ ಮಾಡಿ ತೋರಿಸಿದರು.

ಕರೆವ್ವ ಯಮನೂರಪ್ಪನ ಕಡೆ ನೋಡಿದಳು. "ದೇವರಂಗ ನೋಡಕೋತಾರ ಅಂದ್ರಲ್ಲ?"

ಯಮನೂರಪ್ಪನ ಬಾಯಿಂದ ಬರೀ ಸೀಟಿ ಬಂತು.

ಆಗಲೇ ಭೀಮೇಶನ ಫೋನು ರಿಂಗಣಿಸಿತು. ನಾಲ್ಕು ಗಂಟೆ. ಗಡಿಬಿಡಿಯಲ್ಲಿ ಸ್ಪೀಕರ್ ಗುಂಡಿಯೇ ಒತ್ತಿಹೋಯಿತು. "ಭೀಮೇಶ, ಎಲ್ಲಾರೂ ನೋಡಾಕ ಕುಂತಾರ. ಗೆಸ್ಟನ್ನ ಸಾಗಸ್ರಿ" ಎಂಬ ಅಂಕಿತಾಳ ದನಿ ಇಡೀ ಕೋಣೆಗೆ ಕೇಳಿಸಿತು.

"ಇಕಿನ ನೋಡ್ರಿ ಆ ಮೇಡಂ!" ಎಂದರು ವಿರೂಪಾಕ್ಷಪ್ಪ.

"ಯವ್ವಾ, ಒಂದ ನಿಮಿಷ," ಎಂದು ಭೀಮೇಶ ಕರೆವ್ವನಿಗೆ ಕೈಮುಗಿದ. "ನನ್ನ ನಂಬಬ್ಯಾಡ್ರಿ. ಇಲ್ಲೆ ನೋಡ್ರಿ. ಎಡಕಿಂದು ಒಂದ ಯಂತ್ರ, ಬಲಕಿಂದು ಇನ್ನೊಂದು. ಎಡಕ್ಕ ಒಂದ ಗಡಿಯಾರ ಓಡಾಕ ಹತ್ತೇತಿ ನೋಡ್ರಿ, ಅದು ಗೆಸ್ಟಿನೊಳಗಿಂದು. ಅದನ್ನ ಓಡಕೋತ ಇದ್ದಂಗ ಎತ್ತಿ ಬಲಕ್ಕ ಇಡೋದ ನನ್ನ ಕೆಲಸ. ಅದಕ್ಕ ಗೊತ್ತಾಗಬಾರದು. ಇಷ್ಟ ನಾ ಅಂದಿದ್ದು."

ಹಿರಿಯರೆಲ್ಲ ತಟ್ಟೆ ಬಿಟ್ಟು ಬಗ್ಗಿದರು. ಭೀಮೇಶ ಗುಂಡಿ ಒತ್ತಿದ. ಎಡಗಡೆಯ ಮುಳ್ಳು ಓಡುತ್ತಿದ್ದದ್ದು ನಿಂತಿತು. ವಾರವಿಡೀ ಇಲ್ಲಿಗೇ ಎಲ್ಲ ಕಲ್ಲಾಗುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಬಲಗಡೆ ಅದೇ ಗಡಿಯಾರ ಕಾಣಿಸಿಕೊಂಡು, ಅದೇ ಮುಳ್ಳು, ನಿಂತಲ್ಲಿಂದಲೇ ಮುಂದಿನ ಹೆಜ್ಜೆ ಇಟ್ಟು ಟಕಟಕ ಓಡತೊಡಗಿತು.

"ಭೇಷ್ ಭೀಮೇಶ! ಒಂದ ಇಂಟರಪ್ಟೂ ತಪ್ಪಿಲ್ಲ!" ಎಂದಳು ಅಂಕಿತಾ. ಅವಳ ಹಿಂದೆ ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ಕರೆವ್ವ ತೆರೆಯನ್ನು ಬೆರಳಿಂದ ಮುಟ್ಟಿದಳು. "ಇದಕ್ಕ ಬೀಗರು ಅಂತ ಹೆಸರಿಟ್ಟಾರ?"

"ಹೌದ್ರೆವ್ವ."

"ಒಳಗ ಮನಷ್ಯಾರು ಯಾರೂ ಇಲ್ಲಲ್ಲ?"

"ಯಾರೂ ಇಲ್ರಿ."

ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೋಡೆಗುಂಟ ಕೂತವರೆಲ್ಲ ನಕ್ಕರು. ನಗು ನಿಂತ ಮೇಲೆ ಕರೆವ್ವ ಹೇಳಿದಳು: "ಅಂದೇ ಇರದ ಮಾತಿಗೆ ಗದಗದಿಂದ ಇಲ್ಲಿಗೆ ಓಡಿಬಂದು, ಇಷ್ಟು ಮಂದ್ಯಾಗ ಮಾವನ ಕಾಲಿಗೆ ಬಿದ್ದನಲ್ಲ, ಇಂಥಾ ಅಳಿಯಾ ಇರೋ ಮನಿ ಕೆಟ್ಟ ಇರಂಗಿಲ್ಲ. ಸಕ್ಕರಿ ತರ್ರಿ."

ಸಕ್ಕರೆ ಹಂಚಿದರು. ಯಮನೂರಪ್ಪ ಅಳಿಯನ ಬಾಯಿಗೆ ತಾವೇ ಹಾಕಿದರು. ಬಹುವಚನ ವಾಪಸು ಬಂತು. ಆ ಗದ್ದಲದಲ್ಲಿ ವಿರೂಪಾಕ್ಷಪ್ಪ ಅಂಗಳಕ್ಕೆ ಹೋಗಿ ಯಾರಿಗೋ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ಭೀಮೇಶ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಗೆಸ್ಟು ಎದ್ದಿತ್ತು, ಮಾವ ನಕ್ಕಿದ್ದರು, ದಿನಾ ಹುಬ್ಬಳ್ಳಿ ಬಸ್ಸು ಹತ್ತುವುದು ತಪ್ಪಿತ್ತು. ಜೀವನದಲ್ಲಿ ಇದಕ್ಕಿಂತ ಒಳ್ಳೆಯ ಗುರುವಾರ ಬಂದಿರಲಿಲ್ಲ.

ಹೊರಗೆ ಬಂದ ಮೇಲೆ ಯಮನೂರಪ್ಪ ಅವನ ಹೆಗಲ ಮೇಲೆ ಕೈ ಹಾಕಿದರು.

"ಖರೆ ಹೇಳಲೇನ್ರಿ ಅಳಿಯಂದ್ರ? ನಾ ಇವತ್ತ ಇಲ್ಲಿಂದ ಸೀದಾ ಮುಂಡರಗಿಗೆ ಹೊಂಟಿದ್ದೆ. ಹಲ್ಲ ಬಂದ್ವು, ನಿಮಗ್ಯಾಕ ಇನ್ನ ತ್ರಾಸ ಅಂತ ಅರಿವಿ ಎಲ್ಲಾ ಚೀಲದಾಗ ಕಟಗೊಂಡ ಬಂದಿದ್ದೆ. ಊರ ಮುಟ್ಟಿ ಫೋನ್ ಮಾಡಿ ಹೇಳೋಣು ಅಂದಿದ್ದೆ."

ಭೀಮೇಶ ಬೈಕಿನ ಕೀಲಿ ತೆಗೆದ. "ಹಂಗಾರ... ಹೋಗಿ ಬರ್ರಿ ಮಾವಾರ. ಬಸ್ ಸ್ಟ್ಯಾಂಡಿಗೆ ನಾನ ಬಿಡತೇನಿ."

"ಛೇ! ಹಿರಿಯಾರ ಮುಂದ ಕಾಲ ಹಿಡದ ಕರದೀರಿ. ಈಗ ನಾ ಮುಂಡರಗಿಗೆ ಹ್ವಾದ್ರ ಕರೆವ್ವ ಏನ ತಿಳಕೊಂಡಾಳು? ಮದುವಿ ಮುಗಿಯೋತನಕ ನಿಮ್ಮಲ್ಲೇ ಇರತೇನಿ. ನಿಮ್ಮ ಅತ್ತಿಗೂ ಹೇಳೇನಿ, ಆಕಿ ಸುದೀಪನ್ನ ಕರಕೊಂಡ ಬಸ್ ಹತ್ಯಾಳ."

ಸಂಜೆ ಬೆಟಗೇರಿಗೆ ಬಂದಾಗ ವನಿತಾ ಬಾಗಿಲಲ್ಲೇ ನಿಂತಿದ್ದಳು. ಮುಖ ಅರಳಿತ್ತು. ತಂದೆಯ ಹಲ್ಲು ನೋಡಿ ನಕ್ಕಳು, ಗಂಡನ ಕೈಗೆ ಚಹಾ ಕೊಟ್ಟಳು. ಭೀಮೇಶ ಲ್ಯಾಪ್‌ಟಾಪ್ ಇಡಲೆಂದು ತನ್ನ ಕೋಣೆಗೆ ಹೋದ. ಅಲ್ಲಿ ಎರಡು ಮಂಚ ಹಾಸಿದ್ದವು. ಮೇಜು ಇರಲಿಲ್ಲ. ಕುರ್ಚಿ ಇರಲಿಲ್ಲ. ಗೋಡೆಯ ಮೇಲಿದ್ದ ಇಂಟರ್ನೆಟ್ಟಿನ ಡಬ್ಬಿಯೂ ಇರಲಿಲ್ಲ.

"ವನಿತಾ, ನನ್ನ ಸಾಮಾನು?"

"ಅವ್ವ, ಸುದೀಪ ಎಲ್ಲಾರೂ ಬರತಾರಲ್ರಿ, ಜಾಗಾ ಬೇಕಲ್ಲ. ನೀಲಗಂಗವ್ವಾರು ಭಾಳ ಒತ್ತಾಯ ಮಾಡಿದ್ರು. ಅವರ ಯಜಮಾನ್ರು ಲಕ್ಷ್ಮೇಶ್ವರದಿಂದ ಫೋನ್ ಹಚ್ಚಿ, ಭೀಮೇಶಗ ನಮ್ಮ ಪಡಸಾಲ್ಯಾಗ ಜಾಗಾ ಮಾಡಿ ಕೊಡ್ರಿ ಅಂದ್ರಂತ. ನಾಕು ಆಳ ಬಂದು ಎಲ್ಲಾ ಇದ್ದಂಗ ಎತ್ತಿ ಅಲ್ಲಿ ಇಟ್ಟಾರ. ವೈರ್ ಸೈತ ಜೋಡಿಸ್ಯಾರ."

ಗೋಡೆಯಾಚೆಯಿಂದ ವಿರೂಪಾಕ್ಷಪ್ಪನವರ ದನಿ ಆಗಲೇ ಬರುತ್ತಿತ್ತು.

"ಬರ್ರಿ ಭೀಮೇಶ, ಬರ್ರಿ! ನಾ ಮುಂಜಾನಿಂದ ಸಂಜೀತನಕ ಮನ್ಯಾಗ ಇರತೇನಿ. ನಿಮಗ ಒಂದ ಗಳಿಗಿ ಬ್ಯಾಸರ ಆಗಾಕ ಬಿಡಂಗಿಲ್ಲ!"